ನಾಲ್ಕು ದೇಶಗಳ ಕರೆಂಟು ಸಂತೆ

ಈರುಳ್ಳಿಗೆ ಮಂಡಿ ಇದೆ, ಅಡಿಕೆಗೆ ಮಂಡಿ ಇದೆ, ರೇಷ್ಮೆಗೂಡಿಗೆ ಹರಾಜು ಕಟ್ಟೆ ಇದೆ. ಕರೆಂಟಿಗೂ ಒಂದು ಹರಾಜು ಕಟ್ಟೆ ಇದೆ ಎಂದರೆ ಮಕ್ಕಳು ನಕ್ಕಾರು. ಚೀಲಕ್ಕೆ ತುಂಬಲಾಗದ, ಕೈಯಲ್ಲಿ ಹಿಡಿದು ನೋಡಲಾಗದ ವಸ್ತುವನ್ನು ಹರಾಜು ಹಾಕುವುದಾದರೂ ಹೇಗೆ? ಆದರೆ ಯುರೋಪಿನ ಉತ್ತರದಲ್ಲಿರುವ ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ ಮೂರು ದಶಕಗಳಿಂದ ಅದೇ ನಡೆಯುತ್ತಿದೆ. ನಾಳೆ ಬೆಳಿಗ್ಗೆ ಎಂಟು ಗಂಟೆಯ ಕರೆಂಟಿಗೆ ಎಷ್ಟು, ಮಧ್ಯರಾತ್ರಿಯದಕ್ಕೆ ಎಷ್ಟು ಎಂಬುದು ಇಂದು ಮಧ್ಯಾಹ್ನವೇ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡು ಬಟ್ಟೆ ಒಗೆಯುವ ಯಂತ್ರವನ್ನು ಯಾವ ಹೊತ್ತಿನಲ್ಲಿ ಹಾಕಬೇಕು, ಕಾರಿಗೆ ಯಾವಾಗ ಚಾರ್ಜ್ ಮಾಡಬೇಕು ಎಂದು ತೀರ್ಮಾನಿಸುವ ಮನೆಗಳು ಅಲ್ಲಿ ಬೇಕಾದಷ್ಟಿವೆ.

ಈ ಸಂತೆ ನಾಲ್ಕು ದೇಶಗಳನ್ನು ಕತ್ತಲೆಯಿಂದ ಉಳಿಸಿದ್ದೂ ಉಂಟು, ಒಂದು ದೇಶದ ಸರ್ಕಾರವನ್ನು ಒಡೆದದ್ದೂ ಉಂಟು. ಎರಡೂ ಕೆಲಸ ಮಾಡಿದ್ದು ಒಂದೇ ತಂತಿ.

ಮೊದಲು ಒಂದು ಭೌತಶಾಸ್ತ್ರದ ಮಾತು. ಉತ್ಪಾದನೆಯಾದ ವಿದ್ಯುತ್ತು ಆ ಕ್ಷಣದಲ್ಲೇ ಖರ್ಚಾಗಬೇಕು. ಬಳಕೆ ಉತ್ಪಾದನೆಯನ್ನು ಮೀರಿದರೆ ಜನರೇಟರುಗಳ ವೇಗ ತಗ್ಗಿ, ಸೆಕೆಂಡಿಗೆ 50 ಆವರ್ತ ಇರಬೇಕಾದದ್ದು ಇಳಿಯತೊಡಗುತ್ತದೆ. ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಎರಡೂ ಅಪಾಯವೇ. ಹಾಗಾಗಿ ಈ ಸಂತೆಯಲ್ಲಿ ಮಾರಾಟವಾಗದೆ ಉಳಿದ ಮಾಲು ಎಂಬುದಿಲ್ಲ, ಉದ್ರಿ ಎಂಬುದೂ ಇಲ್ಲ. ಒಂದು ದಾರಿ ಮಾತ್ರ ಇದೆ: ವಿದ್ಯುತ್ತನ್ನು ಕೂಡಿಡಲಾಗದಿದ್ದರೂ ಅದನ್ನು ಕೊಡುವ ನೀರನ್ನು ಕೂಡಿಡಬಹುದು. ನಾರ್ವೆಯ ಕಥೆ ಇರುವುದೇ ಅಲ್ಲಿ.

ಮಳೆಯನ್ನು ನಂಬಿದ ದೇಶ

ನಾರ್ವೆಯ ವಿದ್ಯುತ್ತಿನಲ್ಲಿ ಬಹುತೇಕ ಎಲ್ಲವೂ ಜಲವಿದ್ಯುತ್. ಬೆಟ್ಟಗಳ ಮೇಲೆ ಹಿಮ, ಹಿಮ ಕರಗಿದರೆ ಸರೋವರ, ಸರೋವರದ ಕೆಳಗೆ ಕಡಿದಾದ ಇಳಿಜಾರು, ಇಳಿಜಾರಿನ ಬುಡದಲ್ಲಿ ಸಮುದ್ರ. ಜಲವಿದ್ಯುತ್ತಿಗೆಂದೇ ಕೆತ್ತಿಟ್ಟಂಥ ನಾಡು. ಅಲ್ಲಿಯ ಜಲಾಶಯಗಳೆಲ್ಲ ತುಂಬಿದರೆ ಸುಮಾರು 8,700 ಕೋಟಿ ಯುನಿಟ್ ವಿದ್ಯುತ್ತಿಗೆ ಸಾಕಾಗುವಷ್ಟು ನೀರು ನಿಲ್ಲುತ್ತದೆ. ಒಂದು ಯುನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, ನಮ್ಮ ಮನೆಯ ಬಿಲ್ಲಿನಲ್ಲಿ ಬರುವ ಅದೇ ಯುನಿಟ್. ಅಲ್ಲಿಯ ಮನೆಗಳಲ್ಲಿ ಚಳಿ ಕಾಯಿಸುವುದೂ ಕರೆಂಟಿನಿಂದಲೇ. ಕಾರ್ಖಾನೆಗಳನ್ನೂ ಸೇರಿಸಿ ತಲೆಗೆ ವರ್ಷಕ್ಕೆ ಸುಮಾರು 23 ಸಾವಿರ ಯುನಿಟ್ ಖರ್ಚು. ಭಾರತದಲ್ಲಿ ಇದು 1,400ರ ಆಸುಪಾಸು.

ಆದರೆ ಮಳೆ ಯಾರ ಅಪ್ಪಣೆಯಂತೆಯೂ ಸುರಿಯುವುದಿಲ್ಲ. 1996 ನಾರ್ವೆಗೆ ಬರದ ವರ್ಷ. ಆ ವರ್ಷ ಉತ್ಪಾದನೆಯಾದದ್ದು ಸುಮಾರು 10,400 ಕೋಟಿ ಯುನಿಟ್. ನಾಲ್ಕೇ ವರ್ಷಗಳ ನಂತರ, ಒಳ್ಳೆಯ ಮಳೆಯಾದ 2000ದಲ್ಲಿ, 14,200 ಕೋಟಿ ದಾಟಿತು. ಅವೇ ಅಣೆಕಟ್ಟುಗಳು, ಅವೇ ಟರ್ಬೈನುಗಳು. ಇಷ್ಟು ದೊಡ್ಡ ಏರಿಳಿತವನ್ನು ತಾಳಿಕೊಳ್ಳುವುದು ಹೇಗೆ ಎಂಬುದೇ ಆ ದೇಶದ ಹಳೆಯ ಚಿಂತೆ.

ಹಳೆಯ ಕಾಲದ ಉತ್ತರ ಸರಳವಾಗಿತ್ತು: ಇನ್ನೊಂದು ಅಣೆಕಟ್ಟು ಕಟ್ಟು. ಊರೂರಿನ ಪುರಸಭೆಗಳಿಗೆ ತಮ್ಮದೇ ವಿದ್ಯುತ್ ಕಂಪೆನಿಗಳಿದ್ದವು. ತಮ್ಮ ವ್ಯಾಪ್ತಿಯ ಜನರಿಗೆ ಎಂಥ ಬರದಲ್ಲೂ ಕರೆಂಟು ಕೊಡುವ ಹೊಣೆ ಅವುಗಳದು. ಬರಗಾಲದ ಲೆಕ್ಕ ಹಾಕಿ ಕಟ್ಟಿದ್ದರಿಂದ ಉಳಿದ ವರ್ಷಗಳಲ್ಲಿ ನೀರು ದಂಡವಾಗುತ್ತಿತ್ತು. ಪಕ್ಕದ ಊರಿಗೂ ಈ ಊರಿಗೂ ದರದಲ್ಲಿ ಹೋಲಿಕೆಯೇ ಇರಲಿಲ್ಲ. ಖರ್ಚು ಎಷ್ಟಾದರೂ ಬಳಕೆದಾರನ ತಲೆಗೆ ಕಟ್ಟಿದರಾಯಿತು. ದೇಶದ ಉತ್ತರ ತುದಿಯ ಆಲ್ಟಾ ನದಿಗೆ ಅಣೆಕಟ್ಟು ಕಟ್ಟಹೊರಟಾಗ ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನ 1979ರಿಂದ ಎರಡು ವರ್ಷ ಪ್ರತಿಭಟಿಸಿದರು, ರಾಜಧಾನಿ ಓಸ್ಲೋದಲ್ಲಿ ಉಪವಾಸ ಕುಳಿತರು. ಅಣೆಕಟ್ಟು ಆಯಿತು. ಆದರೆ ಇನ್ನೂ ಎಷ್ಟು ನದಿಗಳನ್ನು ಹೀಗೆ ಕಟ್ಟುತ್ತ ಹೋಗುವುದು ಎಂಬ ಪ್ರಶ್ನೆ ಉಳಿಯಿತು.

1990ರ ಜೂನ್‌ನಲ್ಲಿ ನಾರ್ವೆಯ ಸಂಸತ್ತು ಹೊಸ ಇಂಧನ ಕಾಯ್ದೆಯನ್ನು ಒಪ್ಪಿತು. 1991ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದನ್ನು ತಂದ ಮಂತ್ರಿ ಐವಿಂಡ್ ರೈಟೆನ್, ಹಳ್ಳಿಗರ ಪಕ್ಷವೆಂದು ಹೆಸರಾದ ಸೆಂಟರ್ ಪಕ್ಷದವರು. ಈ ಪಕ್ಷದ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಮತ್ತೆ ಬರುತ್ತದೆ. ಕಾಯ್ದೆಯ ತಿರುಳು ಇಷ್ಟು: ತಂತಿ ಬೇರೆ, ಸರಕು ಬೇರೆ. ಹೆದ್ದಾರಿ ಎಲ್ಲರಿಗೂ ಒಂದೇ, ಸುಂಕ ಕೊಟ್ಟು ಯಾರ ಗಾಡಿಯಾದರೂ ಓಡಬಹುದು. ಹಾಗೆಯೇ ತಂತಿಯ ಯಜಮಾನ ಯಾರ ಕರೆಂಟನ್ನೂ ಬೇಡವೆನ್ನುವಂತಿಲ್ಲ. ಬಳಕೆದಾರ ತನಗೆ ಬೇಕಾದವರಿಂದ ಕೊಳ್ಳಬಹುದು. 1992ರಲ್ಲಿ ಸರ್ಕಾರಿ ವಿದ್ಯುತ್ ಸಂಸ್ಥೆಯನ್ನೇ ಎರಡಾಗಿ ಸೀಳಿ, ಉತ್ಪಾದನೆಯನ್ನು ಸ್ಟಾಟ್‌ಕ್ರಾಫ್ಟ್‌ಗೂ ಪ್ರಸರಣ ಮಾರ್ಗಗಳನ್ನು ಸ್ಟಾಟ್‌ನೆಟ್‌ಗೂ ಒಪ್ಪಿಸಲಾಯಿತು.

ಉದಾರೀಕರಣ ಎಂದಕೂಡಲೇ ಖಾಸಗೀಕರಣ ಎಂದು ಅರ್ಥ ಮಾಡಿಕೊಳ್ಳುವವರೇ ಹೆಚ್ಚು. ಇಂಗ್ಲೆಂಡಿನಲ್ಲಿ 1990ರಲ್ಲಿ ಆದದ್ದು ಹಾಗೆಯೇ. ನಾರ್ವೆಯಲ್ಲಿ ಹಾಗಾಗಲಿಲ್ಲ. ಜಲವಿದ್ಯುತ್ ಕೇಂದ್ರಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಇಂದಿಗೂ ಸರ್ಕಾರ ಮತ್ತು ಪುರಸಭೆಗಳ ಕೈಯಲ್ಲೇ ಇದೆ. ಮಾಲೀಕರು ಬದಲಾಗಲಿಲ್ಲ, ಮಾರುವ ರೀತಿ ಬದಲಾಯಿತು.

1996ರ ಜನವರಿಯಲ್ಲಿ ಸ್ವೀಡನ್ ಕೂಡ ಬಾಗಿಲು ತೆರೆಯಿತು. ಎರಡು ದೇಶಗಳ ಜಂಟಿ ವಿನಿಮಯ ಕೇಂದ್ರಕ್ಕೆ ನಾರ್ಡ್ ಪೂಲ್ ಎಂದು ಹೆಸರಾಯಿತು. ಗಡಿ ದಾಟಿ ನಡೆಯುವ ವಿದ್ಯುತ್ ಹರಾಜು ಕಟ್ಟೆ ಜಗತ್ತಿನಲ್ಲಿ ಅದೇ ಮೊದಲು. 1998ರಲ್ಲಿ ಫಿನ್ಲೆಂಡ್, 1999 ಮತ್ತು 2000ದಲ್ಲಿ ಎರಡು ಕಂತಿನಲ್ಲಿ ಡೆನ್ಮಾರ್ಕ್ ಸೇರಿಕೊಂಡವು.

ಕೊನೆಯವನ ಬೆಲೆಯೇ ಎಲ್ಲರ ಬೆಲೆ

ಹರಾಜು ನಡೆಯುವ ಬಗೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅಂಕಿಗಳು ಕೇವಲ ಉದಾಹರಣೆಗೆ. ಜಲವಿದ್ಯುತ್ತಿನವರು 400 ಯುನಿಟ್‌ಗಳನ್ನು ತಲಾ 1 ರೂಪಾಯಿಗೆ ಕೊಡಲು ಸಿದ್ಧ. ಅಣುವಿದ್ಯುತ್ತಿನವರು 300 ಯುನಿಟ್‌ಗಳನ್ನು 2 ರೂಪಾಯಿಗೆ, ಕಲ್ಲಿದ್ದಲಿನವರು 200 ಯುನಿಟ್‌ಗಳನ್ನು 5 ರೂಪಾಯಿಗೆ, ಅನಿಲದವರು 100 ಯುನಿಟ್‌ಗಳನ್ನು 9 ರೂಪಾಯಿಗೆ ಕೊಡುತ್ತಾರೆ. ಒಂದು ಗಂಟೆಗೆ ಬೇಕಾದದ್ದು 650 ಯುನಿಟ್ ಎಂದರೆ ಅಣುವಿದ್ಯುತ್ತಿನಲ್ಲೇ ಮುಗಿಯಿತು, ಎಲ್ಲರಿಗೂ ಬೆಲೆ 2 ರೂಪಾಯಿ. ಬೇಡಿಕೆ 750ಕ್ಕೆ ಏರಿತೆನ್ನಿ. ಐವತ್ತು ಯುನಿಟ್ ಕಲ್ಲಿದ್ದಲಿನಿಂದ ಬರಬೇಕು. ಆಗ ಆ ಐವತ್ತಕ್ಕೆ ಮಾತ್ರವಲ್ಲ, ಇಡೀ 750ಕ್ಕೂ 5 ರೂಪಾಯಿ. ಬೇಡಿಕೆ ಹೆಚ್ಚಿದ್ದು ಶೇಕಡಾ 15ರಷ್ಟು, ಬೆಲೆ ಏರಿದ್ದು ಎರಡೂವರೆ ಪಟ್ಟು.

ಇದು ಅನ್ಯಾಯವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ರೂಪಾಯಿಗೆ ಕೊಡಲು ಒಪ್ಪಿದವನಿಗೆ ಐದು ಏಕೆ? ಆದರೆ ಪ್ರತಿಯೊಬ್ಬನಿಗೂ ಅವನು ಕೇಳಿದಷ್ಟೇ ಕೊಡುತ್ತೇವೆ ಎಂದರೆ ಯಾರೂ ನಿಜವಾದ ಖರ್ಚನ್ನು ಹೇಳುವುದಿಲ್ಲ. ಕೊನೆಯ ಬೆಲೆ ಎಷ್ಟಾದೀತು ಎಂದು ಊಹಿಸಿ ಅದರ ಹತ್ತಿರದ ಅಂಕಿಯನ್ನೇ ಕೂಗುತ್ತಾರೆ. ಎಲ್ಲರಿಗೂ ಒಂದೇ ಬೆಲೆ ಎಂದಾಗ ಅಗ್ಗದವನು ಧೈರ್ಯವಾಗಿ ಅಗ್ಗದ ಬೆಲೆಯನ್ನೇ ಹೇಳುತ್ತಾನೆ. ಅಗ್ಗದ ಕೇಂದ್ರ ಮೊದಲು ಓಡುತ್ತದೆ, ದುಬಾರಿಯದು ಕೊನೆಗೆ. ವಾದ ಸರಿಯಾಗಿಯೇ ಇದೆ. ಆದರೆ ಬಿಲ್ಲು ಕಟ್ಟುವವನಿಗೆ ಅದು ಹೊಟ್ಟೆ ತುಂಬಿಸುವ ವಾದವಲ್ಲ.

ನೀರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಳೆನೀರಿಗೆ ಕಾಸು ಕೊಡಬೇಕಿಲ್ಲ, ಹಾಗಾಗಿ ಜಲವಿದ್ಯುತ್ತಿಗೆ ಖರ್ಚೇ ಇಲ್ಲವೆಂದು ತೋರುತ್ತದೆ. ಆದರೆ ಜಲಾಶಯದ ಯಜಮಾನ ಇಂದು ಬಿಟ್ಟ ನೀರನ್ನು ಫೆಬ್ರವರಿಯಲ್ಲಿ ಮತ್ತೆ ಬಿಡಲಾರ. ಫೆಬ್ರವರಿಯಲ್ಲಿ 5 ರೂಪಾಯಿ ಸಿಗುವ ನಿರೀಕ್ಷೆ ಇದ್ದರೆ ಇಂದು 1 ರೂಪಾಯಿಗೆ ತೂಬು ತೆರೆಯುವುದೇಕೆ? ಇದಕ್ಕೆ ಆ ದೇಶದವರು ‘ನೀರಿನ ಬೆಲೆ’ ಎಂದೇ ಹೆಸರಿಟ್ಟಿದ್ದಾರೆ. ನಿಂತ ನೀರಿನ ಬೆಲೆಯನ್ನು ನೀರು ನಿರ್ಧರಿಸುವುದಿಲ್ಲ, ಆ ನೀರು ಇಲ್ಲದಿದ್ದರೆ ಉರಿಸಬೇಕಾಗುತ್ತಿದ್ದ ಕಲ್ಲಿದ್ದಲೋ ಅನಿಲವೋ ನಿರ್ಧರಿಸುತ್ತದೆ.

ಗಾಳಿ ಬಂದಾಗ ತೂಬು ಮುಚ್ಚು

ಡೆನ್ಮಾರ್ಕ್ ಸಪಾಟು ನಾಡು. ಅಲ್ಲಿ ಬೆಟ್ಟವಿಲ್ಲ, ಜಲವಿದ್ಯುತ್ ಇಲ್ಲವೆಂದೇ ಹೇಳಬೇಕು. 1990ರ ದಶಕದಲ್ಲಿ ಕಲ್ಲಿದ್ದಲೇ ಗತಿಯಾಗಿತ್ತು. ಆದರೆ ಗಾಳಿ ಧಾರಾಳ. ಸಮುದ್ರದೊಳಗೆ ನಿಲ್ಲಿಸಿದ ಜಗತ್ತಿನ ಮೊದಲ ಗಾಳಿಯಂತ್ರಗಳ ಸಾಲು 1991ರಲ್ಲಿ ಎದ್ದದ್ದು ಇದೇ ದೇಶದ ವಿಂಡೆಬಿಯಲ್ಲಿ. ಇಂದು ಡೆನ್ಮಾರ್ಕಿನ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯದು. ಗಾಳಿಯೋ ಚಂಚಲ. ರಾತ್ರಿಯೆಲ್ಲ ಬೀಸಿ ಬೆಳಿಗ್ಗೆ, ಊರು ಎದ್ದು ಒಲೆ ಹಚ್ಚುವ ಹೊತ್ತಿಗೆ ನಿಂತುಬಿಡಬಹುದು.

ಇಲ್ಲಿ ನೆರೆಯ ನಾರ್ವೆ ಒದಗುತ್ತದೆ. ಗಾಳಿ ಬೀಸುವ ರಾತ್ರಿ ಡೆನ್ಮಾರ್ಕಿನ ಅಗ್ಗದ ಕರೆಂಟು ಸಮುದ್ರದಡಿಯ ಕೇಬಲ್‌ನಲ್ಲಿ ನಾರ್ವೆಗೆ ಹರಿಯುತ್ತದೆ. ನಾರ್ವೆಯವರು ತೂಬು ಮುಚ್ಚಿ ನೀರು ಉಳಿಸುತ್ತಾರೆ. ಗಾಳಿ ನಿಂತಾಗ ತೂಬು ತೆರೆಯುತ್ತಾರೆ, ಕರೆಂಟು ಹಿಂದಕ್ಕೆ ಹರಿಯುತ್ತದೆ. ಡೆನ್ಮಾರ್ಕಿನ ಗಾಳಿ ನಾರ್ವೆಯ ಬೆಟ್ಟದ ಮೇಲೆ ನೀರಾಗಿ ಕುಳಿತಿರುತ್ತದೆ ಎಂದರೂ ತಪ್ಪಿಲ್ಲ. ಯಾವ ಅಧಿಕಾರಿಯೂ ದಿನಾ ಆಜ್ಞೆ ಹೊರಡಿಸಬೇಕಿಲ್ಲ. ಅಗ್ಗದ ಕಡೆಯಿಂದ ದುಬಾರಿ ಕಡೆಗೆ ಹರಿಯುವುದೆಂಬ ನಿಯಮವೊಂದೇ ಸಾಕು.

ಎರಡು ದೇಶಗಳ ನಡುವಿನ ಸ್ಕಾಗೆರಾಕ್ ಜಲಸಂಧಿಯಲ್ಲಿ 1976–77ರಲ್ಲಿ ಎರಡು ಕೇಬಲ್, 1993ರಲ್ಲಿ ಮೂರನೆಯದು, 2014ರಲ್ಲಿ ನಾಲ್ಕನೆಯದು ಬಿದ್ದಿವೆ. ಒಟ್ಟು ಸಾಮರ್ಥ್ಯ 1,700 ಮೆಗಾವ್ಯಾಟ್. ಇವುಗಳಲ್ಲಿ ಹರಿಯುವುದು ನಮ್ಮ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತಲ್ಲ, ನೇರ ವಿದ್ಯುತ್ತು. ಇದೇಕೆಂದು ಪಿಯುಸಿ ವಿದ್ಯಾರ್ಥಿಗಳು ಯೋಚಿಸಬಹುದು. ಕೇಬಲ್‌ನ ಒಳಗಿನ ತಂತಿ ಒಂದು ಫಲಕ, ಹೊರಗಿನ ಲೋಹದ ಕವಚ ಇನ್ನೊಂದು ಫಲಕ, ನಡುವೆ ವಿದ್ಯುನ್ನಿರೋಧಕ. ಅಂದರೆ ಕೇಬಲ್ ಎಂಬುದೇ ಕಿಲೋಮೀಟರುಗಟ್ಟಲೆ ಉದ್ದದ ಕೆಪಾಸಿಟರ್. ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸಿದರೆ ಅದನ್ನು ತುಂಬುವುದರಲ್ಲಿ, ಬರಿದುಮಾಡುವುದರಲ್ಲೇ ಕೇಬಲ್‌ನ ಶಕ್ತಿ ಮುಗಿಯುತ್ತದೆ. ನೇರ ವಿದ್ಯುತ್ತಾದರೆ ಒಮ್ಮೆ ತುಂಬಿದರೆ ಸಾಕು. ಈ ವಿದ್ಯೆಯಲ್ಲಿ ಸ್ವೀಡನ್ನೇ ಮುಂದಾಳು. 1954ರಲ್ಲಿ ಗಾಟ್‌ಲ್ಯಾಂಡ್ ದ್ವೀಪಕ್ಕೆ ಸುಮಾರು 98 ಕಿಲೋಮೀಟರ್ ದೂರ ಸಮುದ್ರದಡಿಯಲ್ಲಿ 20 ಮೆಗಾವ್ಯಾಟ್ ಕಳಿಸಿ ತೋರಿಸಿದ ದೇಶ ಅದು.

ರಸ್ತೆ ಕಿರಿದಾದರೆ ಸಂತೆ ಒಡೆಯುತ್ತದೆ. ನೂರು ಗಾಡಿ ಬರಬೇಕಾದಲ್ಲಿ ಇಪ್ಪತ್ತೇ ಬಂದರೆ ಆಚೆ ಮಾಲು ಅಗ್ಗ, ಈಚೆ ತುಟ್ಟಿ. ಅದಕ್ಕೇ ನಾರ್ವೆಯನ್ನು ಐದು ಬೆಲೆ ವಲಯಗಳಾಗಿಯೂ, 2011ರ ನವೆಂಬರ್‌ನಿಂದ ಸ್ವೀಡನ್ನನ್ನು ನಾಲ್ಕು ವಲಯಗಳಾಗಿಯೂ ವಿಂಗಡಿಸಿದ್ದಾರೆ. ಸ್ವೀಡನ್ನಿನ ನದಿಗಳು ಉತ್ತರದಲ್ಲಿ, ಜನರು ದಕ್ಷಿಣದಲ್ಲಿ. ದಕ್ಷಿಣದ ಅಣು ಸ್ಥಾವರಗಳು ಒಂದೊಂದಾಗಿ ಮುಚ್ಚಿ, 1996ರಲ್ಲಿ ಹನ್ನೆರಡಿದ್ದ ರಿಯಾಕ್ಟರುಗಳು ಈಗ ಆರು. ಹಾಗಾಗಿ ದಕ್ಷಿಣದವರ ಬಿಲ್ಲು ದೊಡ್ಡದು. ಇದು ನಮಗೂ ಹೊಸತಲ್ಲ. ಭಾರತದಲ್ಲಿ ಇದೇ ಮಾದರಿಯ ವಿದ್ಯುತ್ ವಿನಿಮಯ ಕೇಂದ್ರ 2008ರ ಜೂನ್‌ನಲ್ಲಿ ಆರಂಭವಾಯಿತು. ನಮ್ಮಲ್ಲಿ ಹೆಚ್ಚಿನ ವಿದ್ಯುತ್ತು ಈಗಲೂ ದೀರ್ಘಾವಧಿ ಒಪ್ಪಂದಗಳಲ್ಲೇ ಮಾರಾಟವಾಗುತ್ತದೆ, ವಿನಿಮಯ ಕೇಂದ್ರದ ಪಾಲು ಚಿಕ್ಕದು. ಆದರೂ ಅಲ್ಲಿ ಹಲವು ವರ್ಷ ದಕ್ಷಿಣ ಭಾರತಕ್ಕೆ ಒಂದು ಬೆಲೆ, ಉಳಿದವರಿಗೆ ಇನ್ನೊಂದು ಬೆಲೆ ಬರುತ್ತಿತ್ತು. ಉತ್ತರದಿಂದ ತರುವ ಮಾರ್ಗ ಸಾಲದಿದ್ದುದೇ ಕಾರಣ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ದಕ್ಷಿಣದ ಜಾಲವನ್ನು ದೇಶದ ಜಾಲಕ್ಕೆ ಬೆಸೆಯಿತು. ಮುಂದೆ ಇನ್ನಷ್ಟು ಮಾರ್ಗಗಳು ಬಂದಂತೆ ಆ ಅಂತರ ಕಿರಿದಾಗುತ್ತ ಹೋಯಿತು.

ಸಂತೆಯ ಪರೀಕ್ಷೆ

ದೊಡ್ಡ ಪರೀಕ್ಷೆ ಬಂದದ್ದು 2002ರಲ್ಲಿ. ಆ ವರ್ಷದ ಶರತ್ಕಾಲದಲ್ಲಿ ಮಳೆ ಕೈಕೊಟ್ಟಿತು, ಹಿಂದೆಯೇ ಚಳಿ ಬೇಗ ಬಂತು. ಜಲಾಶಯಗಳು ಇಳಿದವು. 2003ರ ಜನವರಿಯಲ್ಲಿ ಬೆಲೆ ಹಿಂದಿನ ಜನವರಿಯ ಎರಡು ಪಟ್ಟನ್ನೂ ಮೀರಿತು. ಪತ್ರಿಕೆಗಳಲ್ಲಿ ದಿನಾ ಅದೇ ಸುದ್ದಿ. ಆದರೆ ದೀಪ ಆರಲಿಲ್ಲ. ಯಾರಿಗೂ ಪಾಳಿಯ ಮೇಲೆ ಕರೆಂಟು ಕೊಡಬೇಕಾಗಿ ಬರಲಿಲ್ಲ. ದುಬಾರಿ ಬೆಲೆ ಕಂಡು ನೆರೆದೇಶಗಳ ಕಲ್ಲಿದ್ದಲು ಕೇಂದ್ರಗಳು ಹಗಲಿರುಳು ಓಡಿದವು. ಲೋಹ ಕರಗಿಸುವ ಕೆಲವು ಕಾರ್ಖಾನೆಗಳು ಕುಲುಮೆ ನಿಲ್ಲಿಸಿ, ಹಿಂದೆ ಅಗ್ಗಕ್ಕೆ ಕೊಂಡಿದ್ದ ಕರೆಂಟನ್ನೇ ಮಾರಿಕೊಂಡವು. ಲೋಹಕ್ಕಿಂತ ಅದರಲ್ಲೇ ಲಾಭ! ಜನರೂ ಮನೆಯ ಕಾವು ತಗ್ಗಿಸಿದರು. ಹಳೆಯ ಪದ್ಧತಿಯಲ್ಲಾಗಿದ್ದರೆ ಇಂಥ ಒಂದು ವರ್ಷಕ್ಕಾಗಿ ಇನ್ನೆಷ್ಟು ನದಿಗಳನ್ನು ಕಟ್ಟಬೇಕಾಗುತ್ತಿತ್ತೋ.

ಫಿನ್ಲೆಂಡಿನ ಕಥೆ ಸ್ವಲ್ಪ ಬೇರೆ. 2022ರ ಮೇ ತಿಂಗಳಲ್ಲಿ ರಷ್ಯದಿಂದ ಬರುತ್ತಿದ್ದ ವಿದ್ಯುತ್ತು ನಿಂತಿತು, ಬೆಲೆ ಗಗನಕ್ಕೇರಿತು. 2005ರಿಂದ ಕಟ್ಟುತ್ತಲೇ ಇದ್ದ ಓಲ್ಕಿಲುವೊಟೊದ 1,600 ಮೆಗಾವ್ಯಾಟ್‌ನ ಅಣು ರಿಯಾಕ್ಟರ್ 2023ರ ಏಪ್ರಿಲ್‌ನಲ್ಲಿ ಪೂರ್ಣವಾಗಿ ಕೆಲಸಕ್ಕೆ ಬಂತು. ಆ ವರ್ಷದ ಸರಾಸರಿ ಬೆಲೆ ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗಿಳಿಯಿತು. ಅದೇ ನವೆಂಬರ್ 24ಕ್ಕೆ ಒಂದು ತಮಾಷೆ ನಡೆಯಿತು. ಹರಾಜಿನಲ್ಲಿ ಒಂದು ಸಂಸ್ಥೆ ತನ್ನಲ್ಲಿಲ್ಲದಷ್ಟು ಕರೆಂಟನ್ನು ಕೈತಪ್ಪಿನಿಂದ ಮಾರಲಿಟ್ಟಿತು. ಫಿನ್ಲೆಂಡಿನ ಬೆಲೆ ಸೊನ್ನೆಗಿಂತ ಕೆಳಗಿಳಿದು ಸಾವಿರ ಯುನಿಟ್‌ಗೆ ಮೈನಸ್ 500 ಯೂರೊ ಮುಟ್ಟಿತು. ಅಂದರೆ ಕರೆಂಟು ಉರಿಸಿದವನಿಗೇ ಹಣ! ಮರುದಿನದ ಸಂತೆಯಲ್ಲಿ ಬೆಲೆ ಮತ್ತೆ ಮೇಲೆ.

ಜರ್ಮನಿಯ ಅನಿಲ, ನಾರ್ವೆಯ ಬಿಲ್ಲು

ಇಷ್ಟಾದ ಮೇಲೆ ಸಂತೆಯನ್ನು ಇನ್ನೂ ಹಿಗ್ಗಿಸುವ ಆಸೆ ಹುಟ್ಟಿದ್ದು ಸಹಜ. 2008ರಲ್ಲಿ ನೆದರ್‌ಲ್ಯಾಂಡ್ಸ್‌ಗೆ 700 ಮೆಗಾವ್ಯಾಟ್‌ನ ಕೇಬಲ್ ಬಿತ್ತು. 2021ರಲ್ಲಿ ಜರ್ಮನಿಗೊಂದು, ಇಂಗ್ಲೆಂಡಿಗೊಂದು, ತಲಾ 1,400 ಮೆಗಾವ್ಯಾಟ್. ಇಂಗ್ಲೆಂಡಿನದು 720 ಕಿಲೋಮೀಟರ್ ಉದ್ದ. ಅವು ಬಿದ್ದ ವರ್ಷವೇ ಯುರೋಪಿನಲ್ಲಿ ಅನಿಲದ ಬೆಲೆ ಏರತೊಡಗಿತು. 2022ರ ಫೆಬ್ರವರಿ 24ರಂದು ರಷ್ಯ ಉಕ್ರೇನಿನೊಳಗೆ ಸೈನ್ಯ ನುಗ್ಗಿಸಿದ ಮೇಲಂತೂ ಹೇಳುವುದೇ ಬೇಡ.

ಜರ್ಮನಿಯಲ್ಲಿ ಕೊನೆಯ ಯುನಿಟ್ ಅನಿಲದ್ದು. ಕೇಬಲ್‌ನ ಈ ತುದಿಯಲ್ಲಿ ದಕ್ಷಿಣ ನಾರ್ವೆಯ ಜಲಾಶಯಗಳು. ಕಡಲೂರಿನಲ್ಲಿ ಹೊರಗಿನ ಲಾರಿಗಳು ಬಂದು ನಿಂತ ದಿನ ಊರವರಿಗೇ ಮೀನು ತುಟ್ಟಿಯಾಗುವಂತೆ, ಮಳೆನೀರಿಗೆ ಜರ್ಮನಿಯ ಅನಿಲದ ಬೆಲೆ ಅಂಟಿಕೊಂಡಿತು. ಸಾಲದ್ದಕ್ಕೆ ದಕ್ಷಿಣದಲ್ಲಿ ಮಳೆಯೂ ಕಡಿಮೆ. 2022ರ ಆಗಸ್ಟ್‌ನಲ್ಲಿ ಅಲ್ಲಿ ಯುನಿಟ್‌ಗೆ ನಾಲ್ಕು ಕ್ರೋನ್ ದಾಟಿದ ದಿನಗಳಿದ್ದವು. ಆಗ ಒಂದು ಕ್ರೋನ್ ಸುಮಾರು ಎಂಟು ರೂಪಾಯಿ. ಅದೇ ದಿನಗಳಲ್ಲಿ ಉತ್ತರದ ಟ್ರೊಮ್ಸೊ ವಲಯದಲ್ಲಿ ಯುನಿಟ್‌ಗೆ ಕೆಲವೇ ಓರೆ. ನೂರು ಓರೆಗೆ ಒಂದು ಕ್ರೋನ್. ಉತ್ತರದಿಂದ ದಕ್ಷಿಣಕ್ಕೆ ಬರುವ ಮಾರ್ಗ ಕಿರಿದು, ದಕ್ಷಿಣದಿಂದ ಹೊರದೇಶಕ್ಕೆ ಹೋಗುವ ಮಾರ್ಗ ಅಗಲ. ಒಂದೇ ದೇಶ, ಒಂದೇ ನಾಣ್ಯ, ಒಂದೇ ನೀರು.

ಸರ್ಕಾರ ಸುಮ್ಮನಿರಲಾಗಲಿಲ್ಲ. 2021ರ ಡಿಸೆಂಬರ್‌ನಿಂದಲೇ ಮನೆಬಳಕೆಯ ಬಿಲ್ಲಿನಲ್ಲಿ ಯುನಿಟ್‌ಗೆ 70 ಓರೆ ಮೀರಿದ ಭಾಗದ ಶೇಕಡಾ 55ನ್ನು ತಾನೇ ಭರಿಸತೊಡಗಿತು. ಏರಿಸುತ್ತ ಏರಿಸುತ್ತ 2022ರ ಸೆಪ್ಟೆಂಬರ್ ಹೊತ್ತಿಗೆ ಅದು ಶೇಕಡಾ 90 ಆಯಿತು. ಹಣಕ್ಕೇನೂ ಕೊರತೆಯಿರಲಿಲ್ಲ. ಜಲಾಶಯಗಳ ಯಜಮಾನ ಸರ್ಕಾರವೇ ಆದ್ದರಿಂದ ದುಬಾರಿ ಕರೆಂಟಿನ ಲಾಭವೂ ಅಲ್ಲಿಗೇ ಹೋಗುತ್ತಿತ್ತು. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದಂತೆ ಎಂದು ಹೇಳುವುದು ಸುಲಭ. ಆದರೆ ಮನೆಯವರಿಗೆ ಸಿಕ್ಕ ಆ ಶೇಕಡಾ 90 ಬೀದಿಯ ಬೇಕರಿಗೆ ಸಿಗಲಿಲ್ಲ. ಗಡಿಯಾಚೆಯ ಯುದ್ಧದ ಬಿಲ್ಲು ಅದರ ಹೆಸರಿಗೂ ಬಂತು.

2024ರ ಡಿಸೆಂಬರ್ 12ರ ಸಂಜೆ ಇದು ಮತ್ತೊಮ್ಮೆ ನೆನಪಾಯಿತು. ಜರ್ಮನಿಯಲ್ಲಿ ಆ ದಿನ ಗಾಳಿಯಿಲ್ಲ, ಬಿಸಿಲಿಲ್ಲ. ಅಲ್ಲಿ ಸಾವಿರ ಯುನಿಟ್‌ಗೆ 936 ಯೂರೊ ಆಯಿತು. ದಕ್ಷಿಣ ನಾರ್ವೆಯಲ್ಲಿ ತೆರಿಗೆ ಸೇರಿ ಒಂದು ಯುನಿಟ್‌ಗೆ 13 ಕ್ರೋನ್ ಮೀರಿತು. ಸ್ವೀಡನ್ನಿನ ಇಂಧನ ಮಂತ್ರಿ ಎಬ್ಬಾ ಬುಷ್ ಜರ್ಮನಿಯ ನೀತಿಯನ್ನು ಬಹಿರಂಗವಾಗಿ ದೂರಿದರು. ತಮ್ಮಲ್ಲಿ ನಾಲ್ಕು ವಲಯಗಳಿರುವಾಗ ಅಷ್ಟು ದೊಡ್ಡ ಜರ್ಮನಿ ಒಂದೇ ಬೆಲೆಯ ವಲಯವಾಗಿ ಕುಳಿತಿದೆ ಎಂಬುದು ಸ್ವೀಡನ್ನಿನ ತಕರಾರು. ಜರ್ಮನಿಗೆ ಹೊಸದಾಗಿ ಹಾಕಬೇಕೆಂದಿದ್ದ 700 ಮೆಗಾವ್ಯಾಟ್ ಕೇಬಲ್‌ಗೆ ಸ್ವೀಡನ್ 2024ರ ಜೂನ್‌ನಲ್ಲೇ ಒಪ್ಪಿಗೆ ನಿರಾಕರಿಸಿತ್ತು.

ನಾರ್ವೆಯಲ್ಲಿ ಪೆಟ್ಟು ಸರ್ಕಾರಕ್ಕೇ ಬಿತ್ತು. ಯುರೋಪಿಯನ್ ಒಕ್ಕೂಟದ ಇಂಧನ ನಿಯಮಗಳನ್ನು ಒಪ್ಪಬೇಕೇ ಬೇಡವೇ ಎಂಬ ಜಗಳದಲ್ಲಿ 2025ರ ಜನವರಿ 30ರಂದು ಸಮ್ಮಿಶ್ರ ಸರ್ಕಾರದಿಂದ ಒಂದು ಪಕ್ಷ ಹೊರನಡೆಯಿತು. ಅದೇ ಸೆಂಟರ್ ಪಕ್ಷ. 1990ರಲ್ಲಿ ಬಾಗಿಲು ತೆರೆದವರ ಪಕ್ಷವೇ ಮೂವತ್ತೈದು ವರ್ಷಗಳ ನಂತರ ಬಾಗಿಲು ಸ್ವಲ್ಪ ಮುಚ್ಚಿ ಎನ್ನುತ್ತ ಎದ್ದುಹೋಯಿತು.

ಉಳಿದ ಲೇಬರ್ ಸರ್ಕಾರ 2025ರ ಅಕ್ಟೋಬರ್ 1ರಿಂದ ಹೊಸ ಏರ್ಪಾಡು ತಂದಿತು. ಇಷ್ಟವಿದ್ದ ಮನೆಯವರು ಯುನಿಟ್‌ಗೆ 40 ಓರೆಯ, ಮಾರಾಟ ತೆರಿಗೆ ಸೇರಿದರೆ 50 ಓರೆಯ, ನಿಗದಿತ ದರವನ್ನು ಆರಿಸಿಕೊಳ್ಳಬಹುದು. ಇದರ ಹೆಸರೇ ‘ನಾರ್ವೆ ದರ’. ವಿಚಿತ್ರವೆಂದರೆ ಅದೇ ದಿನದಿಂದ ಹರಾಜು ಕಟ್ಟೆಯಲ್ಲಿ ಬೆಲೆ ಗಂಟೆಗೊಂದರ ಬದಲು ಹದಿನೈದು ನಿಮಿಷಕ್ಕೊಂದು ಬರತೊಡಗಿತು. ಸಂತೆ ಸೂಕ್ಷ್ಮವಾಗುತ್ತ ಹೋದಂತೆ ಮನೆಯವರು ಆ ಕಡೆ ನೋಡುವುದನ್ನೇ ಬಿಡಬಹುದಾಯಿತು. ದರ ಒಂದೇ ಆದರೆ ಸಂಜೆ ಆರಕ್ಕೆ ಕಾರು ಚಾರ್ಜ್ ಮಾಡಿದರೇನು, ನಡುರಾತ್ರಿ ಮಾಡಿದರೇನು? ಬರ ಬಂದ ವರ್ಷ ಜನ ತಾವಾಗಿಯೇ ಕಾವು ತಗ್ಗಿಸುವರೇ ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಕೇಳುತ್ತಿದ್ದಾರೆ. ಬೇಕರಿಯವನ ಪ್ರಶ್ನೆ ಬೇರೆ. ಈ ದರ ಮನೆಗಳಿಗೆ ಮಾತ್ರ.

ಡೆನ್ಮಾರ್ಕಿನ ಕಡೆ ಹೋಗುವ ಮೊದಲ ಎರಡು ಕೇಬಲ್‌ಗಳಿಗೆ ಈಗ ಐವತ್ತು ವರ್ಷ ತುಂಬುತ್ತಿದೆ. ಅವುಗಳ ಆಯುಷ್ಯ ಮುಗಿದ ಮೇಲೆ ಹೊಸತು ಹಾಕಬಾರದೆಂಬ ನಿಲುವನ್ನು ಲೇಬರ್ ಪಕ್ಷ 2024ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ಗಾಳಿ ನಿಂತ ಬೆಳಿಗ್ಗೆ ಡೆನ್ಮಾರ್ಕಿಗೆ ನೀರು ಒದಗಿಸಿದ್ದು, ಬರದ ಚಳಿಗಾಲದಲ್ಲಿ ನಾರ್ವೆಗೆ ಕರೆಂಟು ತಂದದ್ದು ಆ ತಂತಿಗಳೇ.